ಮೈಸೂರಿನಲ್ಲಿ ಒಂದು ದಿನ: ಎರಡು ದೊಡ್ಡ ಮ್ಯೂಸಿಯಂ, ಒಂದು ಸಣ್ಣದು, ನಡುವೆ ಊಟ-ತಿಂಡಿ

ಒಂದು ದಿನದ ಮಟ್ಟಿಗೆ ಮೈಸೂರಿಗೆ ಬರುವವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಏಳೆಂಟು ಜಾಗಗಳಿರುತ್ತವೆ. ಅರಮನೆ, ಜಗನ್ಮೋಹನ, ಝೂ, ಬೆಟ್ಟ, ಚರ್ಚು, ರೈಲ್ವೆ ಮ್ಯೂಸಿಯಂ, ಸಂಜೆಗೆ ಕೆ.ಆರ್.ಎಸ್. ಮಧ್ಯಾಹ್ನ ಎರಡರ ಹೊತ್ತಿಗೆ ಕಾಲು ಪದ ಹೇಳತೊಡಗುತ್ತವೆ, ಮಕ್ಕಳು ಹಸಿವಿನಿಂದ ರಚ್ಚೆ ಹಿಡಿಯುತ್ತಾರೆ, ಮೂರನೆಯ ಜಾಗದಿಂದಾಚೆ ನೋಡಿದ್ದು ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ. ಮ್ಯೂಸಿಯಂನಲ್ಲಿ ಕಣ್ಣಿಗಿಂತ ಮೊದಲು ಸೋಲುವುದು ಕಾಲು ಮತ್ತು ಹೊಟ್ಟೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ದಿನವನ್ನು ಕಾಲು, ಹೊಟ್ಟೆ ಮತ್ತು ಬೆಳಕಿನ ಲೆಕ್ಕದಲ್ಲಿ ಹೊಂದಿಸಿದೆ: ಎರಡು ದೊಡ್ಡ ಮ್ಯೂಸಿಯಂ, ಒಂದು ಸಣ್ಣದು, ಅವುಗಳ ನಡುವೆ ಕೂತು ತಿನ್ನುವ ಹೊತ್ತು. ಝೂ ಮತ್ತು ಬೆಟ್ಟವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಹೊರಡುವ ಮೊದಲು

ಮೊದಲು ವಾರ ನೋಡಿ. ಅರಮನೆ ವಾರದ ಏಳೂ ದಿನ ತೆರೆದಿರುತ್ತದೆ, ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ. ಆದರೆ ಕೇಂದ್ರ ಸರ್ಕಾರದ ಎರಡು ಮ್ಯೂಸಿಯಂಗಳು, ಅಂದರೆ ಇರ್ವಿನ್ ರಸ್ತೆಯ ಮಾನವ ಸಂಗ್ರಹಾಲಯ ಮತ್ತು ಕಾರಂಜಿ ಕೆರೆ ಬಳಿಯ ನಿಸರ್ಗ ವಿಜ್ಞಾನ ಮ್ಯೂಸಿಯಂ, ಸೋಮವಾರ ಮುಚ್ಚಿರುತ್ತವೆ. ಝೂಗೆ ಮಂಗಳವಾರ ರಜೆ. ಹೀಗಾಗಿ ಬುಧವಾರದಿಂದ ಶುಕ್ರವಾರದವರೆಗಿನ ಯಾವುದಾದರೂ ದಿನ ಒಳ್ಳೆಯದು. ರಾತ್ರಿ ಅರಮನೆಯ ದೀಪಾಲಂಕಾರ ನೋಡಲೇಬೇಕು ಅನ್ನುವವರು ಮಾತ್ರ ಭಾನುವಾರದ ಜನಜಂಗುಳಿಗೆ ಸಿದ್ಧರಾಗಿ ಬನ್ನಿ.

ದಸರಾ ಹತ್ತು ದಿನ ಈ ಲೆಕ್ಕವೆಲ್ಲ ತಲೆಕೆಳಗು. ಖಾಸಗಿ ದರ್ಬಾರು, ಆಯುಧಪೂಜೆ, ವಿಜಯದಶಮಿಗಾಗಿ ಅರಮನೆಯ ಪ್ರವೇಶವನ್ನು ಕೆಲವು ಹೊತ್ತು, ಕೆಲವು ದಿನ ಪೂರ್ತಿ ನಿಲ್ಲಿಸುತ್ತಾರೆ. ಹಾಗೆಂದು ಆ ದಿನಗಳಲ್ಲಿ ಬರುವುದೇ ದಂಡ ಅಂತಲ್ಲ. ರತ್ನಖಚಿತ ಸಿಂಹಾಸನವನ್ನು ಜೋಡಿಸಿ ಇಡುವುದು ದಸರೆಯಲ್ಲಿ ಮಾತ್ರ. ಉಳಿದ ಕಾಲದಲ್ಲಿ ಅದರ ಭಾಗಗಳು ಬಿಚ್ಚಿ ಭದ್ರವಾಗಿರುತ್ತವೆ. ಸಿಂಹಾಸನ ನೋಡುವ ಆಸೆಯಿದ್ದರೆ ದಸರೆಗೆ ಬನ್ನಿ, ಅರಮನೆಯನ್ನು ನಿಧಾನವಾಗಿ ನೋಡುವ ಆಸೆಯಿದ್ದರೆ ದಸರೆ ಬಿಟ್ಟು ಬನ್ನಿ. ನವೆಂಬರಿನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ. ಆಗ ಬಾಗಿಲು ತೆರೆಯುವ ಹೊತ್ತಿಗೇ ಒಳಗಿರುವುದು ಜಾಣತನ.

ಚಪ್ಪಲಿಯ ವಿಷಯ ಚಿಕ್ಕದಾಗಿ ಕಂಡರೂ ದಿನವನ್ನೇ ಕೆಡಿಸಬಲ್ಲದು. ಅರಮನೆಯೊಳಗೆ ಬರಿಗಾಲು, ಪಾದರಕ್ಷೆ ಬಿಡುವ ಜಾಗದಿಂದ ಬಾಗಿಲಿನವರೆಗಿನ ಕಲ್ಲುಹಾಸು ಮಾರ್ಚ್–ಏಪ್ರಿಲ್ ಮಧ್ಯಾಹ್ನ ಕಾದ ಹೆಂಚಿನಂತಾಗಿರುತ್ತದೆ. ದಪ್ಪ ಸಾಕ್ಸ್ ಹಾಕಿಕೊಂಡು ಬನ್ನಿ, ಲೇಸು ಕಟ್ಟುವ ಬೂಟು ಬೇಡ. ದೊಡ್ಡ ಬ್ಯಾಗನ್ನು ರೈಲ್ವೆ ನಿಲ್ದಾಣದಲ್ಲೋ ಉಳಿದುಕೊಂಡ ಕಡೆಯೋ ಬಿಟ್ಟು ಬರುವುದು ಮೇಲು. ಜೊತೆಯಲ್ಲಿ ಒಂದು ನೀರಿನ ಬಾಟಲಿ, ಒಂದು ಬಟ್ಟೆಚೀಲ, ಸ್ವಲ್ಪ ಚಿಲ್ಲರೆ ನೋಟು ಇರಲಿ. ಹೂವು ಕಟ್ಟಿ ಮಾರುವ ಅಜ್ಜಿಯ ಬಳಿ ಯುಪಿಐ ಸ್ಕ್ಯಾನರ್ ಇರಲೇಬೇಕೆಂದೇನಿಲ್ಲ.

ಬೆಳಿಗ್ಗೆ 7.30: ನಜರ್‌ಬಾದಿನ ದೋಸೆ

ಅರಮನೆಯ ಪೂರ್ವಕ್ಕೆ, ಆಟೋದಲ್ಲಿ ಐದು ನಿಮಿಷದಷ್ಟು ದೂರದಲ್ಲಿ ನಜರ್‌ಬಾದ್. ಇಲ್ಲಿನ ಮೈಲಾರಿ ದೋಸೆ ಊರಿಗೆಲ್ಲ ಹೆಸರು. ಹತ್ತಿರ ಹತ್ತಿರದಲ್ಲೇ ಆ ಹೆಸರಿನ ಒಂದಕ್ಕಿಂತ ಹೆಚ್ಚು ಹೋಟೆಲುಗಳಿವೆ. ದೋಸೆಯ ಬಗೆ ಎಲ್ಲ ಕಡೆ ಒಂದೇ, ಎಲ್ಲಿ ಬೇಗ ಜಾಗ ಸಿಗುತ್ತದೋ ಅಲ್ಲಿ ಕೂರಿ.

ಮೈಲಾರಿ ದೋಸೆ ಬೇರೆ, ಮೈಸೂರು ಮಸಾಲೆ ದೋಸೆ ಬೇರೆ. ಮಸಾಲೆ ದೋಸೆಯನ್ನು ಕಾವಲಿಯ ಮೇಲೆ ತೆಳ್ಳಗೆ ಎಳೆದು, ಒಳಗೆ ಒಣಮೆಣಸಿನಕಾಯಿ-ಬೆಳ್ಳುಳ್ಳಿಯ ಕೆಂಪು ಚಟ್ನಿ ಸವರಿ, ಆಲೂಗಡ್ಡೆ ಪಲ್ಯ ಇಟ್ಟು ಗರಿಗರಿಯಾಗಿ ತೆಗೆಯುತ್ತಾರೆ. ಮೈಲಾರಿ ದೋಸೆ ಅಂಗೈಗಿಂತ ಕೊಂಚ ದೊಡ್ಡದು, ಹತ್ತಿಯಂತೆ ಮೆತ್ತಗೆ. ಅಡಿ ಮಾತ್ರ ಹೊಂಬಣ್ಣಕ್ಕೆ ತಿರುಗಿರುತ್ತದೆ. ಮಡಿಕೆಯೊಳಗೆ ಸಾಗು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿಚಟ್ನಿ. ಗರಿಗರಿ ಬಯಸಿ ಬಂದವರಿಗೆ ಮೊದಲ ತುತ್ತಿಗೆ ನಿರಾಸೆಯಾಗುವುದು ಇದಕ್ಕೇ. ತಟ್ಟೆ ಬಂದ ಕೂಡಲೇ ತಿನ್ನಬೇಕು. ಬೆಣ್ಣೆ ಕರಗಿ ದೋಸೆಯ ಕಣ್ಣುಗಳಿಗೆ ಇಳಿಯುವ ಆ ಎರಡು ನಿಮಿಷದಲ್ಲಿದೆ ಅದರ ರುಚಿ. ಫೋಟೋ ತೆಗೆಯುತ್ತ ಕೂತರೆ ದೋಸೆ ಆರಿ ಒದ್ದೆ ಬಟ್ಟೆಯಂತಾಗುತ್ತದೆ.

ಒಬ್ಬರಿಗೆ ಎರಡು ದೋಸೆ, ಒಂದು ಕಾಫಿ ಸಾಕು. ಮೂರನೆಯದನ್ನು ಹೇಳುವ ಮನಸ್ಸಾಗುತ್ತದೆ, ತಡೆದುಕೊಳ್ಳಿ. ಹೊಟ್ಟೆ ಬಿರಿಯ ತಿಂದು ಅರಮನೆಯ ಮೆಟ್ಟಿಲು ಹತ್ತಿದರೆ ಅರ್ಧ ದಾರಿಯಲ್ಲೇ ತೂಕಡಿಕೆ.

8.30: ದೇವರಾಜ ಮಾರ್ಕೆಟ್

ನೂರು ವರ್ಷ ದಾಟಿದ ಈ ಮಾರುಕಟ್ಟೆಗೆ ಟಿಕೆಟ್ ಇಲ್ಲ, ಗೋಡೆಯ ಮೇಲೆ ವಿವರಣೆಯ ಫಲಕವೂ ಇಲ್ಲ. ಆದರೂ ಮೈಸೂರು ಸೀಮೆಯ ಬದುಕನ್ನು ಇಷ್ಟು ಒತ್ತಾಗಿ ತೋರಿಸುವ ಜಾಗ ಇನ್ನೊಂದಿಲ್ಲ. ಸಯ್ಯಾಜಿರಾವ್ ರಸ್ತೆಯ ಕಡೆಯಿಂದ ಒಳಗೆ ಹೋಗಿ ಮೊದಲು ಹೂವಿನ ಸಾಲಿಗೆ ನಡೆಯಿರಿ. ಹೂವಿಗೆ ಬೆಳಗಿನ ಹೊತ್ತೇ ಸರಿ, ಬಿಸಿಲೇರಿದಂತೆ ಬಾಡುತ್ತದೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಈ ಮೂರಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಕೊಡುತ್ತಾರೆ. ಮೊಳ ಹಾಕುವವರ ಕೈ ಉದ್ದಕ್ಕೆ ತಕ್ಕಂತೆ ದಂಡೆಯೂ ಉದ್ದ.

ರಸಬಾಳೆ ಕೇಳಿದ ತಕ್ಷಣ ಸಿಗುವ ಹಣ್ಣಲ್ಲ. ಪನಾಮಾ ಸೊರಗು ರೋಗ ಬಡಿದು ತೋಟಗಳು ಕರಗಿಹೋಗಿ, ಇದ್ದಷ್ಟು ಹಣ್ಣಿಗೆ ಬೆಲೆ ಏರಿದೆ. ಕೈಯಲ್ಲಿ ತೋರಿಸಿದ್ದೆಲ್ಲ ರಸಬಾಳೆ ಎಂದು ನಂಬದೆ ಮೊದಲು ಒಂದೇ ಹಣ್ಣು ಕೊಂಡು ಸುಲಿದು ನೋಡಿ. ಘಮ ಮತ್ತು ಸಿಹಿ ಎರಡೂ ನಾಲಿಗೆಗೆ ಹತ್ತಿದರೆ ಮಾತ್ರ ಡಜನ್ ತೆಗೆದುಕೊಳ್ಳಿ.

ಈ ಸುತ್ತಿನಲ್ಲಿ ಬೇರೇನೂ ಕೊಳ್ಳಬೇಡಿ, ದಿನವೆಲ್ಲ ಹೊರಬೇಕಾಗುತ್ತದೆ. ಇನ್ನೊಂದು ಎಚ್ಚರಿಕೆ: ಮಾರ್ಕೆಟ್ ಮತ್ತು ಅರಮನೆಯ ಸುತ್ತಮುತ್ತ ಯಾರಾದರೂ ಹತ್ತಿರ ಬಂದು, “ಅರಮನೆ ಇವತ್ತು ಮಧ್ಯಾಹ್ನ ಓಪನ್ನು ಸಾರ್, ಅಷ್ಟರಲ್ಲಿ ಗಂಧದೆಣ್ಣೆ ಮಾಡೋ ಜಾಗ ತೋರಿಸ್ತೀನಿ ಬನ್ನಿ” ಎಂದರೆ ನಯವಾಗಿ ಬೇಡವೆಂದು ಮುಂದೆ ನಡೆಯಿರಿ. ಅರಮನೆ ತೆರೆದಿದೆಯೋ ಇಲ್ಲವೋ ಎಂಬುದನ್ನು ಟಿಕೆಟ್ ಕೌಂಟರಿನಲ್ಲೇ ಕೇಳಬೇಕು.

10ರಿಂದ 12: ಅಂಬಾವಿಲಾಸ ಅರಮನೆ

ಸಾರ್ವಜನಿಕರಿಗೆ ಪ್ರವೇಶ ದಕ್ಷಿಣದ ವರಾಹ ದ್ವಾರದಿಂದ. ಪೂರ್ವದ ಜಯಮಾರ್ತಾಂಡ ದ್ವಾರದ ಮುಂದೆ ಆಟೋ ಇಳಿದು ಅರ್ಧ ಸುತ್ತು ನಡೆಯುವವರು ದಿನವೂ ಇದ್ದಾರೆ. ಆಟೋದವರಿಗೆ ‘ವರಾಹ ಗೇಟ್’ ಎಂದೇ ಹೇಳಿ.

ಒಳಗೆ ಕಾಲಿಡುವ ಮೊದಲು ಒಂದು ಹಿನ್ನೆಲೆ ಗೊತ್ತಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಹಳೆಯ ಅರಮನೆ ಮರದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಅದೇ ಜಾಗದಲ್ಲಿ ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಮತ್ತೆ ಬೆಂಕಿಗೆ ತುತ್ತಾಗಬಾರದೆಂದು ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ಒತ್ತು ಕೊಟ್ಟರು. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಅಲ್ಲಿ ಬಂದು ನಿಂತದ್ದರ ಹಿಂದೆ ಆ ಬೆಂಕಿಯ ನೆನಪಿದೆ.

ಸಾಲು ಮೊದಲು ಗೊಂಬೆ ತೊಟ್ಟಿಗೆ, ಅಂದರೆ ಗೊಂಬೆಗಳನ್ನಿಟ್ಟ ಪಡಸಾಲೆಗೆ, ಹೋಗುತ್ತದೆ. ಅಂಬಾರಿಯ ಮುಂದೆ ಎಲ್ಲರೂ ಗುಂಪುಗೂಡುತ್ತಾರೆ. ಮರದ ಚೌಕಟ್ಟಿನ ಮೇಲೆ ಸುಮಾರು 80 ಕಿಲೋ ಚಿನ್ನದ ತಗಡು ಹೊದಿಸಿದ, ಒಟ್ಟು 750 ಕಿಲೋದಷ್ಟು ತೂಗುವ ಅಂಬಾರಿ ಇದು. ವಿಜಯದಶಮಿಯ ಜಂಬೂ ಸವಾರಿಯಲ್ಲಿ ಆನೆಯ ಬೆನ್ನೇರುವುದು ಇದೇ. ಗುಂಪು ಮುಂದೆ ಸರಿಯುವವರೆಗೆ ಎರಡು ನಿಮಿಷ ಬದಿಗೆ ನಿಂತರೆ ಹತ್ತಿರದಿಂದ ಕೆತ್ತನೆ ನೋಡಲು ಜಾಗ ಸಿಗುತ್ತದೆ.

ಕಲ್ಯಾಣ ಮಂಟಪಕ್ಕೆ ಅರ್ಧ ಗಂಟೆ ಕೊಡಿ. ಬೆಳಿಗ್ಗೆಯೇ ಬನ್ನಿ ಅಂದದ್ದು ಇದರ ಸಲುವಾಗಿ. ಗ್ಲಾಸ್ಗೋದಲ್ಲಿ ತಯಾರಾದ ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿ ಎಂಟು ಮೂಲೆಯ ಮಂಟಪದ ನೆತ್ತಿಯ ಮೇಲಿದೆ. ಸೂರ್ಯ ಮೇಲೇರಿದಷ್ಟೂ ನವಿಲಿನ ನೀಲಿ-ಹಸಿರು ಜೀವ ತಾಳುತ್ತದೆ. ಮೋಡ ಕವಿದ ಸಂಜೆ ಅದೇ ಗಾಜು ಮಂಕಾಗಿ ಕಾಣುತ್ತದೆ. ಚಾವಣಿ ನೋಡಿ ಮುಂದೆ ಹೋಗಿಬಿಡುವವರೇ ಹೆಚ್ಚು, ಸುತ್ತಲಿನ ಗೋಡೆಯ ಸಾಲು ಚಿತ್ರಗಳು ಉಳಿದುಹೋಗುತ್ತವೆ. ಕೇಶವಯ್ಯ, ವೈ. ನಾಗರಾಜು ಮೊದಲಾದ ಮೈಸೂರಿನ ಕಲಾವಿದರು ಛಾಯಾಚಿತ್ರಗಳನ್ನು ಆಧರಿಸಿ ಬರೆದ ದಸರಾ ಮೆರವಣಿಗೆ ಅದು. ಒಂದು ಚಿತ್ರ ಆರಿಸಿಕೊಂಡು, ಹಿಂದಿನ ಸಾಲಿನ ಮುಖಗಳನ್ನು ನೋಡಿ. ಗುಂಪು ತೋರಿಸಲು ಒಂದೇ ಅಚ್ಚಿನ ಮುಖಗಳನ್ನು ತುಂಬಿಲ್ಲ. ಒಬ್ಬೊಬ್ಬರಿಗೂ ಅವರದೇ ಪೇಟ, ಅವರದೇ ಮೀಸೆ. ಚಿತ್ರದಿಂದ ಚಿತ್ರಕ್ಕೆ ನಡೆದರೆ ಮೆರವಣಿಗೆಯ ಜೊತೆಗೇ ಹೆಜ್ಜೆ ಹಾಕಿದಂತಾಗುತ್ತದೆ.

ಮೇಲಿನ ಸಾರ್ವಜನಿಕ ದರ್ಬಾರ್ ಹಾಲಿನಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ. ವಯಸ್ಸಾದವರು ದಣಿವಾರಿಸಿಕೊಳ್ಳಲು ಅದೇ ಜಾಗ. ಅರಮನೆಯ ಖಾಸಗಿ ದರ್ಬಾರ್ ಹಾಲಾದ ಅಂಬಾವಿಲಾಸದಲ್ಲಿ ಬೀಟೆಮರದ ಬಾಗಿಲುಗಳ ಮೇಲಿನ ದಂತದ ಕುಸುರಿಯನ್ನು ಬಿಡಬೇಡಿ. ಆಡಿಯೋ ಗೈಡ್ ತೆಗೆದುಕೊಂಡರೆ ಅದರ ವೇಗಕ್ಕೆ ನೀವು ಓಡಬೇಡಿ, ಬೇಕಾದ ಕಡೆ ನಿಲ್ಲಿಸಿಕೊಳ್ಳಿ.

12.15: ಊಟ, ಮ್ಯೂಸಿಯಂಗೆ ಮೊದಲು

‘ಜಗನ್ಮೋಹನವನ್ನೂ ಮುಗಿಸಿ ಊಟಕ್ಕೆ ಹೋಗೋಣ’ ಎನ್ನುವುದು ದಿನದ ದೊಡ್ಡ ತಪ್ಪು. ಒಂದು ಗಂಟೆಗೆ ಊರಿನ ಕಚೇರಿ-ಅಂಗಡಿಯವರೆಲ್ಲ ಊಟಕ್ಕೆ ಏಳುತ್ತಾರೆ, ಎಲೆ ಮುಂದೆ ಕೂರಲು ಅರ್ಧ ಗಂಟೆ ಕಾಯಬೇಕಾಗುತ್ತದೆ. 12.30ರೊಳಗೆ ಹೋದವರಿಗೆ ಅನ್ನವೂ ಬಿಸಿ, ಬಡಿಸುವವರಿಗೂ ಪುರಸೊತ್ತು.

ಗಾಂಧಿ ಚೌಕದ ಆರ್‌ಆರ್‌ಆರ್‌ನಲ್ಲಿ ಆಂಧ್ರ ಶೈಲಿಯ ಬಾಳೆಎಲೆ ಊಟ, ಬಿರಿಯಾನಿ ಎರಡೂ ಇವೆ. ಖಾರ ಗಟ್ಟಿ, ತಿಳಿಸಾರಿನ ಊಟಕ್ಕೆ ಒಗ್ಗಿದವರು ಮೊದಲು ತುಪ್ಪ, ಪಪ್ಪು (ಬೇಳೆ) ಕಲಸಿಕೊಂಡು ಶುರುಮಾಡಲಿ. ಮಾಂಸದೂಟದವರಿಗೆ ಹನುಮಂತು ಹೋಟೆಲಿನ ಮಟನ್ ಪಲಾವ್ ಮೈಸೂರಿನ ಹಳೆಯ ಹೆಸರು. ಪಲಾವ್ ಬಿರಿಯಾನಿಯಲ್ಲ: ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ ರುಬ್ಬಿದ ಮಸಾಲೆಯಲ್ಲಿ ಅಕ್ಕಿ ಮಾಂಸ ಒಟ್ಟಿಗೇ ಬೇಯುವುದರಿಂದ ಅನ್ನಕ್ಕೆ ಹಸಿರು ಛಾಯೆ ಬರುತ್ತದೆ. ಬೇಗ ಖಾಲಿಯಾಗುವುದರಿಂದ ಇಲ್ಲಿಗೂ 12.30ರ ನಿಯಮವೇ.

ಹೊರದೇಶದಿಂದ ಬಂದ ನೆಂಟರೋ ಸ್ನೇಹಿತರೋ ಜೊತೆಗಿದ್ದರೆ ಊಟದಲ್ಲಿ ಮೂರು ವಿಷಯ ನೋಡಿಕೊಳ್ಳಿ. ಒಂದು, ಉಪ್ಪಿನಕಾಯಿ, ಚಟ್ನಿಪುಡಿ ಎಲೆಯ ತುದಿಗೆ ಬಡಿಸಿದ್ದು ನಂಜಿಕೊಳ್ಳಲು ಎಂದು ಮೊದಲೇ ಹೇಳಿ, ಇಲ್ಲವಾದರೆ ಪಲ್ಯದಂತೆ ಒಂದೇ ತುತ್ತಿಗೆ ಬಾಯಿಗೆ ಹಾಕುತ್ತಾರೆ. ಎರಡು, ಕುಡಿಯಲು ಸೀಲ್ ಇರುವ ಬಾಟಲಿ ನೀರು ಕೊಡಿ. ಮೂರು, ಖಾರ ಹತ್ತಿದರೆ ನೀರು ಕುಡಿಸಬೇಡಿ. ಮೊಸರು ಇಲ್ಲವೇ ಮಜ್ಜಿಗೆ ಕೊಡಿ, ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ. ಟಿಕೆಟ್ ಕೌಂಟರುಗಳಲ್ಲಿ ವಿದೇಶಿ ಪಾಸ್‌ಪೋರ್ಟಿನವರಿಗೆ ಬೇರೆ ದರವಿರುತ್ತದೆ. ಓಸಿಐ ಕಾರ್ಡ್ (ವಿದೇಶಿ ಪೌರತ್ವವಿರುವ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದವರು ಅದನ್ನು ಜೊತೆಗಿಟ್ಟುಕೊಂಡು ಕೌಂಟರಿನಲ್ಲಿ ತೋರಿಸಿ ಕೇಳಲಿ.

1.45: ಜಗನ್ಮೋಹನ ಅರಮನೆ

ಮಧ್ಯಾಹ್ನದ ಬಿಸಿಲಿಗೆ ಒಳಾಂಗಣದ ಚಿತ್ರಶಾಲೆಯೇ ಸರಿ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಅರಮನೆ ಇದು. 1897ರ ಬೆಂಕಿಯ ನಂತರ ಹೊಸ ಅರಮನೆ ಏಳುವವರೆಗೆ ರಾಜಮನೆತನ ಇಲ್ಲೇ ಇತ್ತು, ನಾಲ್ವಡಿ ಕೃಷ್ಣರಾಜ ಒಡೆಯರಿಗೆ 1902ರಲ್ಲಿ ಅಧಿಕಾರ ವಹಿಸಿದ್ದೂ ಇಲ್ಲೇ. 1915ರಲ್ಲಿ ಚಿತ್ರಶಾಲೆಯಾಯಿತು.

ಇಲ್ಲಿ ಎಲ್ಲವನ್ನೂ ನೋಡುವ ಹಟ ಬೇಡ. ಒಂದೂವರೆ ಗಂಟೆಯಲ್ಲಿ ಮೂರು ಸಂಗತಿ ನೋಡಿದರೆ ಸಾರ್ಥಕ. ಮೊದಲನೆಯದು ರವಿವರ್ಮನ ತೈಲಚಿತ್ರಗಳು. ಎರಡನೆಯದು ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳು: ಚಿತ್ರದ ಎದುರಿಗೆ ನಿಲ್ಲದೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಒಡವೆ, ಪ್ರಭಾವಳಿ, ಸೆರಗಿನ ಅಂಚು ಕೂದಲೆಳೆಯಷ್ಟು ಉಬ್ಬಿರುವುದು ಆಗ ಕಾಣುತ್ತದೆ. ಆ ಉಬ್ಬಿನ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ತಂಜಾವೂರು ಶೈಲಿಯಲ್ಲಿ ಉಬ್ಬು ದಪ್ಪ, ಮೇಲೆ ಗಾಜಿನ ಹರಳು ಕೂರಿಸುತ್ತಾರೆ. ಮೈಸೂರಿನವರದು ತೆಳು, ನಯ. ಈ ಒಂದು ವ್ಯತ್ಯಾಸ ತಿಳಿದವರು ಮುಂದೆ ಎಲ್ಲಿ ನೋಡಿದರೂ ಎರಡನ್ನೂ ಗುರುತಿಸಬಲ್ಲರು.

ಮೂರನೆಯದು ದೀಪ ಹಿಡಿದ ಮಹಿಳೆ. ಇದನ್ನು ರವಿವರ್ಮನ ಚಿತ್ರವೆಂದು ಹೇಳುವವರು ಬಹಳ, ಅದು ತಪ್ಪು. ಬರೆದವರು ಎಸ್.ಎಲ್. ಹಳದಂಕರ್, ಮಾಧ್ಯಮ ಜಲವರ್ಣ. ಜಲವರ್ಣದಲ್ಲಿ ಬೆಳಕು ಬೇಕಾದ ಕಡೆ ಕಾಗದದ ಬಿಳುಪನ್ನೇ ಉಳಿಸಿಕೊಳ್ಳಬೇಕು, ಒಮ್ಮೆ ಬಣ್ಣ ತಾಗಿದರೆ ತಿದ್ದುವುದು ಕಷ್ಟ. ದೀಪಕ್ಕೆ ಅಡ್ಡ ಹಿಡಿದ ಕೈಯನ್ನು ನೋಡಿ: ಬೆರಳುಗಳ ಸಂದಿಯಲ್ಲಿ ಚರ್ಮ ಕೆಂಪಗೆ ಹೊಳೆಯುತ್ತದೆ, ಆ ಹೊಳಪು ಗಲ್ಲದವರೆಗೆ ಏರಿ ಸೀರೆಯ ಮಡಿಕೆಗಳಲ್ಲಿ ಇಳಿದುಹೋಗುತ್ತದೆ. ಮೊದಲು ಹತ್ತು ಹೆಜ್ಜೆ ದೂರದಿಂದ, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಹತ್ತಿರದಿಂದ ನೋಡಿ. ಫ್ಲ್ಯಾಶ್ ಖಂಡಿತ ಬೇಡ. ಜಲವರ್ಣ ಬೆಳಕಿಗೆ ಮಾಸುತ್ತದೆ, ಮಾಸಿದ ಬಣ್ಣ ಮರಳುವುದಿಲ್ಲ.

3.30ರ ನಂತರ: ಸಣ್ಣ ಮ್ಯೂಸಿಯಂ

ಒಂದು ಕಾಫಿ ಕುಡಿದು, ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ಎಲ್ಲೇ ಆಗಲಿ, ಟಿಕೆಟ್ ಕೊಡುವುದನ್ನು ಬಾಗಿಲು ಮುಚ್ಚುವುದಕ್ಕಿಂತ ಮುಂಚೆಯೇ ನಿಲ್ಲಿಸುತ್ತಾರೆ, ನಾಲ್ಕರೊಳಗೆ ಒಳಗಿರಿ.

ಮಕ್ಕಳಿದ್ದರೆ ಕಾರಂಜಿ ಕೆರೆ ದಂಡೆಯ ಪ್ರಾದೇಶಿಕ ನಿಸರ್ಗ ವಿಜ್ಞಾನ ಮ್ಯೂಸಿಯಂ. 1995ರಲ್ಲಿ ಶುರುವಾದದ್ದು, ಪಶ್ಚಿಮ ಘಟ್ಟದ ಕಾಡು, ಪ್ರಾಣಿಗಳ ಮಾದರಿಗಳಿವೆ. ರೈಲು ಪ್ರಿಯರಿಗೆ ಕೆ.ಆರ್.ಎಸ್. ರಸ್ತೆಯ ರೈಲ್ವೆ ಮ್ಯೂಸಿಯಂ: 1979ರಲ್ಲಿ ಸ್ಥಾಪನೆಯಾದ ಇಲ್ಲಿ 1899ರ ಮಹಾರಾಣಿಯವರ ಸಲೂನ್ ಗಾಡಿಯೊಂದೇ (ಅವರ ಪ್ರಯಾಣಕ್ಕೆಂದೇ ಸಜ್ಜುಗೊಳಿಸಿದ ರೈಲು ಬೋಗಿ) ಹೋಗಿಬಂದ ದಾರಿಗೆ ಸಾಕು. ಇರ್ವಿನ್ ರಸ್ತೆಯ ವೆಲ್ಲಿಂಗ್ಟನ್ ಹೌಸ್‌ನ ಮಾನವ ಸಂಗ್ರಹಾಲಯ ದೊಡ್ಡವರಿಗೆ, ಸದ್ದಿಲ್ಲದ ಜಾಗ; 1799ರ ಶ್ರೀರಂಗಪಟ್ಟಣದ ಯುದ್ಧದ ನಂತರ ಆರ್ಥರ್ ವೆಲ್ಲೆಸ್ಲಿ ವಾಸವಿದ್ದ ಮನೆ ಅದು. ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ ಈ ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು. ಆದರೆ ಅದಿರುವ ಜಯಲಕ್ಷ್ಮಿ ವಿಲಾಸ ಕಟ್ಟಡ ಶಿಥಿಲಗೊಂಡು ದುರಸ್ತಿಗೆ ಒಳಪಟ್ಟಿರುವುದರಿಂದ, ವಿಶ್ವವಿದ್ಯಾನಿಲಯದಲ್ಲಿ ವಿಚಾರಿಸದೆ ಹೋಗಬೇಡಿ.

5.30: ಮೈಸೂರು ಪಾಕ್

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಮಾಡಿದ ಸಿಹಿ ಎಂದು ಮೈಸೂರು ಪಾಕಿನ ಹುಟ್ಟನ್ನು ಹೇಳುತ್ತಾರೆ. ಅವರ ವಂಶದವರ ಗುರು ಸ್ವೀಟ್ ಮಾರ್ಟ್ ಸಯ್ಯಾಜಿರಾವ್ ರಸ್ತೆಯಲ್ಲಿದೆ, ದೇವರಾಜ ಮಾರ್ಕೆಟ್ಟಿಗೆ ಅಂಟಿಕೊಂಡಂತೆ.

ಕೊಳ್ಳುವ ಮುಂಚೆ ಯಾವ ಬಗೆ ಬೇಕು ಎಂದು ತೀರ್ಮಾನಿಸಿ. ಒಂದು ತುಪ್ಪ ಕುಡಿದ ಮೆತ್ತನೆಯದು, ಬಾಯಿಗಿಟ್ಟರೆ ಕರಗುತ್ತದೆ. ಇನ್ನೊಂದು ಜೇನುಗೂಡಿನಂತೆ ರಂಧ್ರ ಬಿಟ್ಟ, ಕಚ್ಚಿದರೆ ಪುಡಿಯಾಗುವ ಗಟ್ಟಿ ಪಾಕ. ಮೂಲ ವಸ್ತು ಎರಡಕ್ಕೂ ಕಡಲೆಹಿಟ್ಟು, ಸಕ್ಕರೆ, ತುಪ್ಪವೇ. ಮನೆಯಲ್ಲಿ ಒಂದು ಲೋಟ ಹಿಟ್ಟಿಗೆ ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ ಎಂಬ ಅಳತೆ ರೂಢಿಯಲ್ಲಿದೆ. ಒಂದೆಳೆ ಪಾಕಕ್ಕೆ ಹಿಟ್ಟು ಸೇರಿಸಿ, ಕಾದ ತುಪ್ಪವನ್ನು ಸೌಟು ಸೌಟಾಗಿ ಹೊಯ್ಯುವಾಗ ಮಿಶ್ರಣ ನೊರೆಯುತ್ತದಲ್ಲ, ಆ ನೊರೆಯೇ ರಂಧ್ರವಾಗಿ ನಿಲ್ಲುತ್ತದೆ. ತಟ್ಟೆಗೆ ಸುರಿದ ಮೇಲೂ ನಡುಭಾಗದ ಬಿಸಿ ಬೇಗ ಆರದೆ ಅಲ್ಲಿನ ಹಿಟ್ಟು ಇನ್ನಷ್ಟು ಹುರಿಯುತ್ತದೆ. ಅಂಚು ಹಳದಿ, ನಡುವೆ ಕಂದು ಪಟ್ಟಿ ಕಂಡರೆ ಗಟ್ಟಿ ಪಾಕ ಸರಿಯಾಗಿ ಬಂದಿದೆ ಎಂದರ್ಥ.

ಮೂಗಿನ ಹತ್ತಿರ ಹಿಡಿದಾಗ ತುಪ್ಪದ ಘಮ ಬರಬೇಕು. ಅಂಗುಳಿಗೆ ಮೇಣ ಅಂಟಿದಂತಾದರೆ ಅದು ವನಸ್ಪತಿ. ಕಾಲು ಕಿಲೋ ತಿನ್ನಲು, ಅರ್ಧ ಕಿಲೋ ಒಯ್ಯಲು ಸಾಕು. ಪೆಟ್ಟಿಗೆಯನ್ನು ಅಡ್ಡ ನಿಲ್ಲಿಸದೆ ಮಟ್ಟಸವಾಗಿಡಿ, ಬಿಸಿಲಿಗೆ ತುಪ್ಪ ಸೋರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಕಲ್ಲಾಗುತ್ತದೆ. ಬೆಳಿಗ್ಗೆ ನೋಡಿಟ್ಟುಕೊಂಡ ಕುಂಕುಮ, ವೀಳ್ಯದೆಲೆ, ಊದುಬತ್ತಿಯನ್ನೂ ಈಗಲೇ ಕೊಳ್ಳಿ.

ಭಾನುವಾರ ಮತ್ತು ಸರ್ಕಾರಿ ರಜೆಯ ದಿನಗಳಲ್ಲಿ ಸಂಜೆ 7ಕ್ಕೆ ಅರಮನೆಯ ದೀಪಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು. 6.45ಕ್ಕೇ ಆವರಣದಲ್ಲಿರಿ. ಆ ಹೊತ್ತಿಕೊಳ್ಳುವ ಕ್ಷಣವನ್ನು ತಪ್ಪಿಸಿಕೊಂಡವರು ಅರ್ಧ ಸೊಗಸು ಕಳೆದುಕೊಂಡಂತೆ. ಉಳಿದ ದಿನ ಧ್ವನಿ-ಬೆಳಕು ಕಾರ್ಯಕ್ರಮವಿರುತ್ತದೆ, ಕನ್ನಡದ್ದು ಯಾವ ದಿನ ಎಂದು ಕೌಂಟರಿನಲ್ಲಿ ಕೇಳಿಕೊಳ್ಳಿ.

ಇನ್ನೂ ಅರ್ಧ ದಿನ ಇದ್ದರೆ: ಮಂಡ್ಯದ ದಾರಿ

ಮಾರನೆಯ ಬೆಳಿಗ್ಗೆ ಬೆಂಗಳೂರಿನ ಕಡೆ ಹೊರಡುವವರು ಶ್ರೀರಂಗಪಟ್ಟಣದಲ್ಲಿ ಇಳಿಯಲೇಬೇಕು. ಮೈಸೂರಿನಿಂದ ಸುಮಾರು 16 ಕಿ.ಮೀ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಈಗ ಪುರಾತತ್ವ ಇಲಾಖೆಯ ಮ್ಯೂಸಿಯಂ. ಒಳಗಿನ ಕಪಾಟುಗಳಿಗಿಂತ ಮೊದಲು ಪಶ್ಚಿಮದ ಹೊರಗೋಡೆ ನೋಡಿ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿಯ ಪಡೆಯನ್ನು ಮುರಿದ ಚಿತ್ರ ಗೋಡೆಯ ಉದ್ದಕ್ಕೂ ಇದೆ. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿರುವವನೇ ಬೇಲಿ. ಅವನ ಹತ್ತಿರದಲ್ಲೇ ಮದ್ದಿನ ಬಂಡಿ ಸಿಡಿಯುತ್ತಿರುವುದನ್ನು ಹುಡುಕಿ; ಯುದ್ಧ ತಿರುಗಿದ್ದು ಅಲ್ಲಿಂದಲೇ. ಒಂದು ಗಂಟೆ ಬೇಕು.

ಮಧ್ಯಾಹ್ನ ಮಂಡ್ಯದಲ್ಲಿ ಮುದ್ದೆ ಊಟ. ಜೊತೆಗೆ ಬಸ್ಸಾರು ಅಥವಾ ಉಪ್ಪುಸಾರು, ಮಾಂಸ ತಿನ್ನುವವರಿಗೆ ನಾಟಿ ಕೋಳಿ ಸಾರು. ಹೊಸಬರು ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆ ಅಂಟಿಸಿಕೊಳ್ಳುತ್ತಾರೆ. ಹುಣಸೆಬೀಜಕ್ಕಿಂತ ಕೊಂಚ ದೊಡ್ಡದಾಗಿ ಮುರಿದು, ಬೆರಳಲ್ಲಿ ನಯ ಮಾಡಿ, ಸಾರಿನಲ್ಲಿ ಪೂರ್ತಿ ಹೊರಳಿಸಿ ನುಂಗಬೇಕು. ಉಪ್ಪುಸಾರಿಗೆ ಖಾರವನ್ನು ಬೇರೆಯಾಗಿ ಕೊಡುತ್ತಾರೆ. ಕಡಲೆಕಾಳಿನಷ್ಟು ಕಲಸಿ ರುಚಿ ನೋಡಿ, ಆಮೇಲೆ ಹೆಚ್ಚಿಸಿಕೊಳ್ಳಿ.

ಮದ್ದೂರು ವಡೆಗಾಗಿ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೆಯ ರಸ್ತೆಗೆ ಇಳಿಯಲೇಬೇಕು. ಹೊಸ ರಸ್ತೆ ಮಂಡ್ಯ, ಮದ್ದೂರು ಎರಡನ್ನೂ ಬದಿಗಿಟ್ಟು ಸಾಗುತ್ತದೆ, ನೇರ ಹೋದವರು ನೆನಪಾಗುವ ಹೊತ್ತಿಗೆ ಚನ್ನಪಟ್ಟಣ ದಾಟಿರುತ್ತಾರೆ. ರೈಲಿನಲ್ಲಿ ಬರುವವರಿಗೆ ಈ ತಾಪತ್ರಯವಿಲ್ಲ, ವಡೆ ಸೀಟಿನ ಬಳಿಗೇ ಬರುತ್ತದೆ. ಅಕ್ಕಿಹಿಟ್ಟು, ಚಿರೋಟಿ ರವೆ, ಮೈದಾ, ತೆಳ್ಳಗೆ ಹೆಚ್ಚಿದ ಈರುಳ್ಳಿಗೆ ಕಾದ ಎಣ್ಣೆ ಹಾಕಿ ಕಲಸಿ, ಚಪ್ಪಟೆಯಾಗಿ ತಟ್ಟಿ ಕರಿದ ವಡೆ ಅದು. ಅಂಚು ಗರಿಗರಿಯಾಗಿ, ನಡುವೆ ಈರುಳ್ಳಿಯ ಸಿಹಿ ಉಳಿದಿರಬೇಕು. ಮನೆಗೆ ಒಯ್ಯುವುದಾದರೆ ಕಾಗದದ ಪೊಟ್ಟಣದಲ್ಲೇ ಬಿಡಿ. ಬಿಸಿ ವಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಆವಿಗೆ ಬೆವರಿ, ಕೆಂಗೇರಿ ಸೇರುವಷ್ಟರಲ್ಲಿ ಮೆತ್ತಗಾಗಿರುತ್ತದೆ.